ಎಲ್ಲ ಕೋಶದಲ್ಲೂ ಒಂದೇ ಡಿಎನ್‌ಎ ಇದ್ದರೆ ರೇಷ್ಮೆ ಗ್ರಂಥಿ ಮಾತ್ರ ರೇಷ್ಮೆ ಮಾಡುವುದು ಹೇಗೆ?

ಚಾಕಿಮನೆ ಹುಡುಗಿ, ಬನಶಂಕರಿ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಬಿಎಸ್ಸಿ ಓದುತ್ತಿದ್ದೇನೆ. ಊರು ಕನಕಪುರದ ಕಡೆ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ತಿನ್ನುವುದು ನಿಲ್ಲಿಸಿ ಪೊರೆ ಬಿಡುತ್ತದೆ. ಐದನೇ ಹಂತದಲ್ಲಿ ಹಗಲು ರಾತ್ರಿ ಸೊಪ್ಪು ತಿನ್ನುತ್ತದೆ. ಆಮೇಲೆ ಹಣ್ಣಾಗಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ ಹೋಗುತ್ತದೆ. ಇದೆಲ್ಲ ಚಿಕ್ಕಂದಿನಿಂದ ನೋಡಿದ್ದು.

ಈಗ ಕ್ಲಾಸಿನಲ್ಲಿ ಜೀನ್ ನಿಯಂತ್ರಣದ ಪಾಠ ನಡೆಯುತ್ತಿದೆ. ಪುಸ್ತಕದ ತುಂಬ ಬ್ಯಾಕ್ಟೀರಿಯಾದ ಲ್ಯಾಕ್ ಆಪರಾನ್, ಅಂದರೆ ಹಾಲಿನ ಸಕ್ಕರೆ ಬಳಸಲು ಬೇಕಾದ ಜೀನ್‌ಗಳ ಗುಂಪು. ಚಿತ್ರ ಬರೆದು ಭಾಗಗಳನ್ನು ಗುರುತಿಸಿದರೆ ಪರೀಕ್ಷೆಗೆ ಸಾಕು. ಆದರೆ ನನ್ನ ತಲೆಯಲ್ಲಿ ಇರುವುದು ಹುಳುವಿನ ಪ್ರಶ್ನೆ. ಅದರ ಕರುಳಿನ ಕೋಶದಲ್ಲೂ ರೇಷ್ಮೆ ಪ್ರೋಟೀನಿನ ಜೀನ್ ಇದೆ. ಚರ್ಮದ ಕೋಶದಲ್ಲೂ ಇದೆ. ಅಲ್ಲಿ ಒಂದು ಎಳೆಯೂ ಹುಟ್ಟುವುದಿಲ್ಲ. ಗ್ರಂಥಿಯಲ್ಲಿ ಮಾತ್ರ ಹುಟ್ಟುತ್ತದೆ. ಅಲ್ಲೂ ಹುಳು ಜ್ವರಕ್ಕೆ ಕೂತಾಗ ನಿಲ್ಲುತ್ತದೆ ಅಂತ ಓದಿದೆ. ಕೋಶಕ್ಕೆ ಇದೆಲ್ಲ ಹೇಗೆ ಗೊತ್ತಾಗುತ್ತದೆ? ಲ್ಯಾಕ್ ಆಪರಾನ್ ಸರಿಯಾಗಿ ಕಲಿತರೆ ಇದಕ್ಕೆ ಉತ್ತರ ಸಿಗುತ್ತಾ? ಸುಮ್ನೆ ಬಾಯಿಪಾಠ ಮಾಡಿ ಬಿಡುವುದಕ್ಕೆ ಮನಸ್ಸಿಲ್ಲ.

ಪಿಯು ಮೇಷ್ಟ್ರು, ಜಯನಗರ

ಅರ್ಧ ಉತ್ತರ ಸಿಗುತ್ತದೆ. ಆ ಅರ್ಧ ಬಹಳ ಮುಖ್ಯ, ಹಾಗಾಗಿ ಅದನ್ನು ನಾನು ಹೇಳುತ್ತೇನೆ. ಉಳಿದಿದ್ದನ್ನು ಸಂಶೋಧನೆ ಮಾಡುವವರು ಹೇಳಲಿ.

ಲ್ಯಾಕ್ ಆಪರಾನ್‌ನ ಕಥೆ ಚಿತ್ರದಿಂದ ಶುರುವಾಗಿದ್ದಲ್ಲ. ಅದು ಶುರುವಾಗಿದ್ದು ಒಂದು ವಿಚಿತ್ರ ಗ್ರಾಫ್‌ನಿಂದ. 1940ರ ಆಸುಪಾಸಿನಲ್ಲಿ ಪ್ಯಾರಿಸ್ಸಿನ ಜಾಕ್ ಮೊನೊ ಬ್ಯಾಕ್ಟೀರಿಯಾಗಳಿಗೆ ಎರಡು ಬಗೆಯ ಸಕ್ಕರೆ ಒಟ್ಟಿಗೆ ಕೊಟ್ಟು ಅವು ಬೆಳೆಯುವುದನ್ನು ಅಳೆಯುತ್ತಿದ್ದರು. ಗ್ಲೂಕೋಸ್ ಜೊತೆಗೆ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ ಕೊಟ್ಟರೆ ಇ. ಕೋಲೈ ಬ್ಯಾಕ್ಟೀರಿಯಾ ಮೊದಲು ಗ್ಲೂಕೋಸನ್ನು ಪೂರ್ತಿ ಮುಗಿಸುತ್ತದೆ. ಆಮೇಲೆ ಬೆಳವಣಿಗೆ ಸ್ವಲ್ಪ ಹೊತ್ತು ನಿಂತೇ ಹೋಗುತ್ತದೆ. ನಂತರ ಲ್ಯಾಕ್ಟೋಸ್ ತಿನ್ನುತ್ತಾ ಮತ್ತೆ ಬೆಳೆಯುತ್ತದೆ. ನಡುವೆ ನಿಂತ ಆ ಹೊತ್ತಿನಲ್ಲಿ ಏನು ನಡೆಯುತ್ತದೆ? ಲ್ಯಾಕ್ಟೋಸನ್ನು ಒಡೆಯುವ ಕಿಣ್ವವನ್ನು ಕೋಶ ಹೊಸದಾಗಿ ಮಾಡಿಕೊಳ್ಳುತ್ತಿರುತ್ತದೆ. ಜೀನ್ ಮೊದಲಿಂದಲೂ ಇತ್ತು. ಅದನ್ನು ಓದಿರಲಿಲ್ಲ ಅಷ್ಟೇ.

1961ರಲ್ಲಿ ಫ್ರಾಂಸ್ವಾ ಜೇಕಬ್ ಮತ್ತು ಮೊನೊ ಸೇರಿ ಇದರ ಒಳಗುಟ್ಟು ಹೇಳಿದರು. ಈ ಜೀನ್‌ಗಳ ಮುಂದೆ ಡಿಎನ್‌ಎಯ ಒಂದು ಚಿಕ್ಕ ತುಣುಕು ಇದೆ, ಅದೇ ಆಪರೇಟರ್. ಲ್ಯಾಕ್ಟೋಸ್ ಇಲ್ಲದಾಗ ರೆಪ್ರೆಸರ್ ಎಂಬ ಪ್ರೋಟೀನ್ ಅದರ ಮೇಲೆ ಕೂತು, ಜೀನನ್ನು ಓದುವ ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವ ಮುಂದೆ ಹೋಗದಂತೆ ತಡೆಯುತ್ತದೆ. ಲ್ಯಾಕ್ಟೋಸ್ ಒಳಗೆ ಬಂದರೆ ಅದರಿಂದ ಅಲೋಲ್ಯಾಕ್ಟೋಸ್ ಆಗುತ್ತದೆ. ಅದು ರೆಪ್ರೆಸರ್‌ಗೆ ಅಂಟಿಕೊಂಡು ಅದರ ಆಕಾರ ಬದಲಿಸುತ್ತದೆ, ರೆಪ್ರೆಸರ್ ಡಿಎನ್‌ಎಯನ್ನು ಬಿಟ್ಟು ಹೋಗುತ್ತದೆ. ಇದಕ್ಕೆ 1965ರಲ್ಲಿ ಆಂದ್ರೆ ಲ್ವಾಫ್ ಜೊತೆಗೆ ಅವರಿಬ್ಬರಿಗೂ ನೊಬೆಲ್ ಬಂತು. ಗಮನಿಸಿ, ಆಗ ರೆಪ್ರೆಸರನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. 1966ರಲ್ಲಿ ವಾಲ್ಟರ್ ಗಿಲ್ಬರ್ಟ್ ಮತ್ತು ಬೆನ್ನೋ ಮುಲ್ಲರ್-ಹಿಲ್ ಅದನ್ನು ಹಿಡಿದು ತೋರಿಸಿದರು. ಒಂದು ಕೋಶದಲ್ಲಿ ಅದು ಬೆರಳೆಣಿಕೆಯಷ್ಟೇ ಇರುತ್ತದೆ, ಹಾಗಾಗಿ ಹುಡುಕುವುದು ಕಷ್ಟವಾಗಿತ್ತು.

ವಿದ್ಯಾರ್ಥಿಗಳು ಬಿಟ್ಟುಬಿಡುವ ಭಾಗ ಒಂದಿದೆ. ರೆಪ್ರೆಸರ್ ಬಿಟ್ಟು ಹೋದರೆ ಸಾಲದು. ಗ್ಲೂಕೋಸ್ ಮುಗಿದಾಗ ಕೋಶದಲ್ಲಿ ಸೈಕ್ಲಿಕ್ ಎಎಂಪಿ ಎಂಬ ಪುಟ್ಟ ಅಣು ಏರುತ್ತದೆ. ಅದು ಕ್ಯಾಪ್ ಎಂಬ ಪ್ರೋಟೀನಿಗೆ ಸೇರುತ್ತದೆ. ಕ್ಯಾಪ್ ಡಿಎನ್‌ಎ ಮೇಲೆ ಕೂತು ಪಾಲಿಮರೇಸನ್ನು ಕರೆದುಕೊಳ್ಳುತ್ತದೆ. ತಡೆಯೂ ಹೋಗಬೇಕು, ನೆರವೂ ಬರಬೇಕು. ಎರಡು ಸುದ್ದಿಯನ್ನು ಒಟ್ಟಿಗೆ ನೋಡಿ ತೀರ್ಮಾನ ಮಾಡುವುದೇ ಇಲ್ಲಿನ ನಿಜವಾದ ಪಾಠ. ನಿಮ್ಮ ಹುಳುವಿನಲ್ಲೂ ಇದೇ ಇದೆ, ಆದರೆ ಸುದ್ದಿಗಳು ಜಾಸ್ತಿ.

ಪಿಪೆಟ್, ಯಲಹಂಕ

ಮೇಷ್ಟ್ರು ಚೆನ್ನಾಗಿ ಹೇಳಿದ್ದಾರೆ. ನಾನು ಜೀನ್ ನಿಯಂತ್ರಣದ ಮೇಲೆಯೇ ಪಿಎಚ್‌ಡಿ ಮಾಡುತ್ತಿದ್ದೇನೆ. ಪ್ರಶ್ನೆ ನೋಡಿ ತುಂಬಾ ಖುಷಿಯಾಯಿತು. ರೇಷ್ಮೆ ಗ್ರಂಥಿಯ ಬಗ್ಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಾಲೂ ಇಲ್ಲದಿರುವುದು ಬೇಸರದ ವಿಷಯ. ಈ ಕ್ಷೇತ್ರದ ಹಳೆಯ ದೊಡ್ಡ ಪ್ರಶ್ನೆಯೊಂದಕ್ಕೆ ಉತ್ತರ ಸಿಕ್ಕಿದ್ದೇ ಅಲ್ಲಿ.

1970ರ ಹೊತ್ತಿಗೆ ಜನರಿಗೆ ಒಂದು ಅನುಮಾನ ಇತ್ತು. ಒಂದು ಕೋಶ ಒಂದೇ ಪ್ರೋಟೀನನ್ನು ಇಷ್ಟೊಂದು ಮಾಡಬೇಕಾದರೆ ಆ ಜೀನ್‌ನ ಪ್ರತಿಗಳನ್ನೇ ಹೆಚ್ಚು ಮಾಡಿಕೊಳ್ಳುತ್ತದೆಯೋ ಏನೋ ಅಂತ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಯೋಶಿಯಾಕಿ ಸುಝುಕಿ ಮತ್ತು ಡೊನಾಲ್ಡ್ ಬ್ರೌನ್ 1972ರಲ್ಲಿ ರೇಷ್ಮೆ ಹುಳುವಿನಿಂದ ರೇಷ್ಮೆ ಎಳೆಯ ಮುಖ್ಯ ಪ್ರೋಟೀನ್ ಆದ ಫೈಬ್ರೊಯಿನ್‌ನ ಎಂಆರ್‌ಎನ್‌ಎಯನ್ನು, ಅಂದರೆ ಜೀನ್ ಓದಿದಾಗ ಬರುವ ನಕಲನ್ನು ಬೇರ್ಪಡಿಸಿದರು. ಆಮೇಲೆ ಅದನ್ನು ಬಳಸಿ ಜೀನ್‌ಗಳನ್ನು ಎಣಿಸಿದರು. ಗ್ರಂಥಿಯ ಡಿಎನ್‌ಎಯಲ್ಲೂ ಬೇರೆ ಅಂಗದ ಡಿಎನ್‌ಎಯಲ್ಲೂ ಫೈಬ್ರೊಯಿನ್ ಜೀನ್‌ನ ಪಾಲು ಒಂದೇ. ಅಂದರೆ ಗ್ರಂಥಿ ಆ ಒಂದು ಜೀನನ್ನು ಆರಿಸಿ ಹೆಚ್ಚು ಮಾಡಿಕೊಂಡಿಲ್ಲ. ಇರುವುದನ್ನೇ ಬಿಡದೆ ಓದುತ್ತಿದೆ. ಒಂದು ಜೀನ್‌ನಿಂದ ಕೆಲವೇ ದಿನದಲ್ಲಿ ಸುಮಾರು 10,000 ಎಂಆರ್‌ಎನ್‌ಎ, ಒಂದೊಂದು ಎಂಆರ್‌ಎನ್‌ಎಯಿಂದ ಸುಮಾರು 1 ಲಕ್ಷ ಪ್ರೋಟೀನ್ ಅಂತ ಅವರು ಲೆಕ್ಕ ಹಾಕಿದರು. ಗುಣಿಸಿದರೆ 100 ಕೋಟಿ.

ಇನ್ನೊಂದು ಸಂಗತಿ ಇದೆ. ಹುಳು ಮೊಟ್ಟೆಯಿಂದ ಬಂದ ಮೇಲೆ ಗ್ರಂಥಿಯ ಕೋಶಗಳು ಒಡೆದು ಎರಡಾಗುವುದಿಲ್ಲ. ಕೋಶಗಳ ಸಂಖ್ಯೆ ಅಷ್ಟೇ ಇರುತ್ತದೆ, ಡಿಎನ್‌ಎ ಮಾತ್ರ ಒಳಗೆ ಮತ್ತೆ ಮತ್ತೆ ನಕಲಾಗುತ್ತದೆ. ಕೊನೆಗೆ ಒಂದೊಂದು ಕೋಶದಲ್ಲಿ ಇಡೀ ಜೀನೋಮ್‌ನ ಲಕ್ಷಾಂತರ ಪ್ರತಿ ಇರುತ್ತದೆ. ಎಲ್ಲ ಜೀನ್‌ಗಳೂ ಒಟ್ಟಿಗೆ ಹೆಚ್ಚಾಗುತ್ತವೆ. ಹಾಗಿದ್ದೂ ಕಣ್ಣಿನ ಬಣ್ಣದ ಜೀನ್ ಅಲ್ಲಿ ಸುಮ್ಮನಿರುತ್ತದೆ, ಫೈಬ್ರೊಯಿನ್ ಮಾತ್ರ ಹರಿದು ಬರುತ್ತದೆ. ಆಯ್ಕೆ ನಡೆಯುವುದು ಓದುವ ಹಂತದಲ್ಲೇ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಆಯ್ಕೆ ಮಾಡುವವರು ಯಾರು? ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂಬ ಪ್ರೋಟೀನ್‌ಗಳು. ಇವು ಡಿಎನ್‌ಎಯಲ್ಲಿ ತಮಗೆ ಹೊಂದುವ ಕೆಲವೇ ಅಕ್ಷರಗಳ ಸಾಲನ್ನು ಗುರುತಿಸಿ ಅಲ್ಲಿ ಕೂರುತ್ತವೆ. ಗ್ರಂಥಿಯ ಹಿಂಭಾಗದಲ್ಲಿ ಫೈಬ್ರೊಯಿನ್ ಬರುತ್ತದೆ. ನಡುಭಾಗದಲ್ಲಿ ದಾರಕ್ಕೆ ಅಂಟು ಕೊಡುವ ಸೆರಿಸಿನ್ ಬರುತ್ತದೆ. ನಡುಭಾಗದಲ್ಲಿ ಸೆರಿಸಿನ್ ಜೀನನ್ನು ಎಬ್ಬಿಸುವುದು ಆಂಟೆನಾಪೀಡಿಯಾ ಎಂಬ ಫ್ಯಾಕ್ಟರ್. ಹಣ್ಣಿನ ನೊಣದಲ್ಲಿ ಇದೇ ಪ್ರೋಟೀನ್ ಎದೆಯ ಭಾಗ ಯಾವುದು ಅಂತ ನಿರ್ಧರಿಸುತ್ತದೆ. ನೋಡಿ, ಪ್ರತಿ ಕೆಲಸಕ್ಕೂ ಬೇರೆ ಫ್ಯಾಕ್ಟರ್ ಬೇಕಿಲ್ಲ. ಮನುಷ್ಯನಲ್ಲಿ ಸುಮಾರು 20,000 ಪ್ರೋಟೀನ್ ಜೀನ್‌ಗಳಿವೆ, ಫ್ಯಾಕ್ಟರ್‌ಗಳು ಸುಮಾರು 1,600. ಇರುವವೇ ಬೇರೆ ಬೇರೆ ಗುಂಪಾಗಿ ಸೇರಿ ಬೇರೆ ಬೇರೆ ತೀರ್ಮಾನ ಕೊಡುತ್ತವೆ.

ಜ್ವರದ ಹೊತ್ತಿನಲ್ಲಿ ಹುಳುವಿನ ರಕ್ತದಲ್ಲಿ ಎಕ್ಡೈಸೋನ್ ಹಾರ್ಮೋನ್ ಏರುತ್ತದೆ. ಆಗ ಫೈಬ್ರೊಯಿನ್ ಓದುವುದು ನಿಲ್ಲುತ್ತದೆ. ಪೊರೆ ಬಿಟ್ಟು ಮತ್ತೆ ಸೊಪ್ಪು ಹಿಡಿದಾಗ ಶುರುವಾಗುತ್ತದೆ. ಯಾವ ಅಂಗ ಅನ್ನುವ ಸುದ್ದಿ ಒಂದು ಕಡೆಯಿಂದ, ಈಗ ಯಾವ ಹೊತ್ತು ಅನ್ನುವ ಸುದ್ದಿ ಇನ್ನೊಂದು ಕಡೆಯಿಂದ. ಮೇಷ್ಟ್ರು ಹೇಳಿದ್ದು ಇದನ್ನೇ.

ಬೆಂಗಳೂರಿನ ಮಾತೂ ಸೇರಿಸುತ್ತೇನೆ. ಫೈಬ್ರೊಯಿನ್‌ನಲ್ಲಿ ಅರ್ಧದ ಹತ್ತಿರ ಗ್ಲೈಸಿನ್ ಎಂಬ ಒಂದೇ ಅಮೈನೋ ಆಮ್ಲ. ಅದನ್ನು ಹೊತ್ತು ತರುವ ಟಿಆರ್‌ಎನ್‌ಎ ಕೂಡ ಅಷ್ಟೇ ಬೇಕಲ್ಲ. ಆ ಟಿಆರ್‌ಎನ್‌ಎಗೆ ಹುಳುವಿನಲ್ಲಿ ಹಲವು ಜೀನ್ ಪ್ರತಿಗಳಿವೆ. ಎಲ್ಲವೂ ಒಂದೇ ವೇಗದಲ್ಲಿ ಕೆಲಸ ಮಾಡುವುದಿಲ್ಲ. ಅಕ್ಕಪಕ್ಕದ ಡಿಎನ್‌ಎ ಸಾಲು ಆ ವೇಗ ತೀರ್ಮಾನಿಸುತ್ತದೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಪಿ. ಗೋಪಿನಾಥನ್ ಅವರ ತಂಡ ವರ್ಷಗಟ್ಟಲೆ ಇದರ ಮೇಲೆ ಕೆಲಸ ಮಾಡಿತು.

ಕೋಡು ಮತ್ತು ಕಾಫಿ, ಎಚ್‌ಎಸ್‌ಆರ್ ಲೇಔಟ್

ನಾನು ಸಾಫ್ಟ್‌ವೇರ್‌ನವನು, ಆಸಕ್ತಿಯಿಂದ ಓದುತ್ತಿದ್ದೇನೆ. ಎಲ್ಲರೂ ಆನ್, ಆಫ್ ಅಂತಾರೆ. ಇದು ನಿಜವಾಗಿ ಲೈಟಿನ ಸ್ವಿಚ್ಚಿನ ಹಾಗಾ, ಅಥವಾ ಫ್ಯಾನ್ ರೆಗ್ಯುಲೇಟರ್ ಹಾಗೆ ಒಂದು, ಎರಡು, ಮೂರು ಅಂತ ವೇಗ ಇರುತ್ತದಾ? ಎರಡನೆಯದು ಸರಿ ಅಂತ ನನಗೆ ಅನಿಸುತ್ತದೆ.

ಪಿಪೆಟ್, ಯಲಹಂಕ

ಇದಕ್ಕೆ ಉತ್ತರ ನೀವು ಯಾವುದನ್ನು ಅಳೆಯುತ್ತೀರಿ ಅನ್ನುವುದರ ಮೇಲಿದೆ. ಇಡೀ ಫ್ಲಾಸ್ಕ್ ಅಳೆದರೆ ರೆಗ್ಯುಲೇಟರ್. ಒಂದೊಂದೇ ಕೋಶ ನೋಡಿದರೆ ಕೆಲವೊಮ್ಮೆ ಸ್ವಿಚ್ಚು.

1957ರಲ್ಲಿ ಆರನ್ ನೋವಿಕ್ ಮತ್ತು ಮಿಲ್ಟನ್ ವೀನರ್ ಇದೇ ಲ್ಯಾಕ್ ಜೀನ್‌ಗಳ ಮೇಲೆ ಒಂದು ಸೊಗಸಾದ ಪ್ರಯೋಗ ಮಾಡಿದರು. ಲ್ಯಾಕ್ಟೋಸ್‌ನ ಬದಲಿಗೆ ಅದರಂತೆಯೇ ಜೀನನ್ನು ಎಬ್ಬಿಸುವ, ಆದರೆ ಕೋಶ ತಿನ್ನಲಾಗದ ವಸ್ತುವನ್ನು ಸ್ವಲ್ಪವೇ ಕೊಟ್ಟರು. ಒಟ್ಟು ಕಿಣ್ವ ಅರ್ಧದಷ್ಟು ಬಂತು ಅಂದುಕೊಳ್ಳಿ. ಎಲ್ಲ ಕೋಶಗಳೂ ಅರ್ಧರ್ಧ ಕೆಲಸ ಮಾಡುತ್ತಿವೆ ಅಂತ ಅನಿಸುತ್ತದೆ ಅಲ್ವಾ? ಹಾಗಲ್ಲ. ಅರ್ಧ ಕೋಶಗಳು ಪೂರ್ತಿ ಆನ್, ಉಳಿದರ್ಧ ಪೂರ್ತಿ ಆಫ್. ಕಾರಣ ಏನೆಂದರೆ, ಈ ಆಪರಾನ್‌ನ ಒಂದು ಜೀನ್ ಪರ್ಮಿಯೇಸ್ ಎಂಬ ಪ್ರೋಟೀನ್ ಮಾಡುತ್ತದೆ. ಅದು ಆ ವಸ್ತುವನ್ನು ಹೊರಗಿನಿಂದ ಒಳಗೆ ತರುತ್ತದೆ. ಆಕಸ್ಮಿಕವಾಗಿ ಸ್ವಲ್ಪ ಪರ್ಮಿಯೇಸ್ ಹುಟ್ಟಿದ ಕೋಶದೊಳಗೆ ಆ ವಸ್ತು ಜಾಸ್ತಿ ಬರುತ್ತದೆ, ಅದರಿಂದ ಪರ್ಮಿಯೇಸ್ ಇನ್ನೂ ಜಾಸ್ತಿ ಆಗುತ್ತದೆ. ಒಮ್ಮೆ ಶುರುವಾದರೆ ಪೂರ್ತಿ ಹೋಗುತ್ತದೆ.

ಆ ಮೊದಲ ಆಕಸ್ಮಿಕವೇ ಇಲ್ಲಿ ಮುಖ್ಯ. 2002ರಲ್ಲಿ ಮೈಕೆಲ್ ಎಲೊವಿಟ್ಜ್ ಮತ್ತು ಜೊತೆಗಾರರು ಒಂದೇ ಬ್ಯಾಕ್ಟೀರಿಯಾದೊಳಗೆ ಎರಡು ಬಣ್ಣದ ಹೊಳೆಯುವ ಪ್ರೋಟೀನ್ ಇಟ್ಟರು. ಎರಡಕ್ಕೂ ಒಂದೇ ಬಗೆಯ ಪ್ರೊಮೋಟರ್, ಅಂದರೆ ಜೀನ್ ಓದುವುದು ಶುರುವಾಗುವ ಡಿಎನ್‌ಎ ಜಾಗ. ಎಲ್ಲವೂ ಲೆಕ್ಕದಂತೆ ನಡೆದರೆ ಎರಡು ಬಣ್ಣವೂ ಸಮ ಇರಬೇಕು. ಆದರೆ ಕೆಲವು ಕೋಶ ಒಂದು ಬಣ್ಣದ ಕಡೆ ವಾಲಿತ್ತು, ಕೆಲವು ಇನ್ನೊಂದರ ಕಡೆ. ಒಂದು ಕೋಶದಲ್ಲಿ ಒಂದು ಜೀನ್‌ಗೆ ಒಂದೋ ಎರಡೋ ಪ್ರತಿ, ಕೆಲವೇ ಫ್ಯಾಕ್ಟರ್ ಅಣುಗಳು. ಅವು ಬಂದು ಕೂರುವುದು, ಎದ್ದು ಹೋಗುವುದು ಯೋಗಾಯೋಗ. ನಮ್ಮ ಕೋಶಗಳಲ್ಲೂ ಎಷ್ಟೋ ಜೀನ್‌ಗಳು ಒಂದಷ್ಟು ಹೊತ್ತು ಜೋರಾಗಿ ಓದಿಸಿಕೊಂಡು ಆಮೇಲೆ ಸುಮ್ಮನಾಗುತ್ತವೆ. ನಿಯಂತ್ರಣ ಅಂದರೆ ಖಚಿತ ಆಜ್ಞೆ ಅಲ್ಲ, ಸಾಧ್ಯತೆಯನ್ನು ಏರಿಸುವುದು ಇಳಿಸುವುದು. ನೀವು ಬರೆಯುವ ಕೋಡಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ.

ಚಾಕಿಮನೆ ಹುಡುಗಿ, ಬನಶಂಕರಿ

ತುಂಬಾ ಧನ್ಯವಾದ! ಸುಝುಕಿ ಅವರ ಕೆಲಸದ ಬಗ್ಗೆ ಓದಲು ಶುರು ಮಾಡಿದೆ. ಈಗ ಇನ್ನೊಂದು ಪ್ರಶ್ನೆ. ಇಷ್ಟೊಂದು ಆಕಸ್ಮಿಕ ಇದ್ದರೆ ಯಕೃತ್ತಿನ ಕೋಶ ಯಕೃತ್ತಾಗಿಯೇ ಉಳಿಯುವುದು ಹೇಗೆ? ಕೋಶ ಒಡೆದು ಎರಡಾದಾಗ ಮಗಳು ಕೋಶಕ್ಕೆ ತಾನು ಯಾರು ಅಂತ ಹೇಗೆ ತಿಳಿಯುತ್ತದೆ?

ನಿವೃತ್ತ ಪ್ರಾಧ್ಯಾಪಕಿ, ಮಲ್ಲೇಶ್ವರ

ಈ ಪ್ರಶ್ನೆಗೆ ನಾನು ಬರೆಯುತ್ತೇನೆ, ನನಗೆ ಬಹಳ ಪ್ರೀತಿಯ ವಿಷಯ.

ನಮ್ಮ ಒಂದೊಂದು ಕೋಶದಲ್ಲಿ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ. ಅದು ಬರಿಯ ಎಳೆಯಾಗಿ ಇರುವುದಿಲ್ಲ. ಎಂಟು ಹಿಸ್ಟೋನ್ ಪ್ರೋಟೀನ್‌ಗಳ ಒಂದೊಂದು ಗುಂಪಿಗೆ 147 ಜೋಡಿ ಅಕ್ಷರ ಸುತ್ತಿಕೊಂಡಿರುತ್ತದೆ. ಬಿಗಿಯಾಗಿ ಸುತ್ತಿದ ಕಡೆ ಓದುವ ಯಂತ್ರಕ್ಕೆ ಜಾಗ ಸಿಗದು. ಹಿಸ್ಟೋನ್‌ನ ಬಾಲಕ್ಕೆ ಅಸಿಟೈಲ್ ಗುಂಪು ಅಂಟಿದರೆ ಸುತ್ತು ಸಡಿಲವಾಗುತ್ತದೆ. ಕೆಲವು ಜಾಗದಲ್ಲಿ ಮೀಥೈಲ್ ಅಂಟಿದರೆ ಬಿಗಿಯಾಗುತ್ತದೆ. ಡಿಎನ್‌ಎಯ ಸಿ ಅಕ್ಷರಕ್ಕೂ ಮೀಥೈಲ್ ಅಂಟುತ್ತದೆ. ಪ್ರೊಮೋಟರ್ ಹತ್ತಿರ ಅದು ಜಾಸ್ತಿ ಆದರೆ ಜೀನ್ ಸಾಮಾನ್ಯವಾಗಿ ಸುಮ್ಮನಿರುತ್ತದೆ.

ನಿಮ್ಮ ಪ್ರಶ್ನೆಗೆ ಉತ್ತರ ಈ ಮೀಥೈಲ್‌ನಲ್ಲಿ ಸ್ವಲ್ಪ ಇದೆ. ಡಿಎನ್‌ಎ ನಕಲಾದಾಗ ಹಳೆಯ ಎಳೆಯಲ್ಲಿ ಗುರುತು ಇರುತ್ತದೆ, ಹೊಸದರಲ್ಲಿ ಇರುವುದಿಲ್ಲ. ಡಿಎನ್‌ಎಂಟಿ1 ಎಂಬ ಕಿಣ್ವ ಅಂಥ ಜಾಗ ಹುಡುಕಿ ಹೊಸ ಎಳೆಗೂ ಗುರುತು ಹಾಕುತ್ತದೆ. ಹೀಗೆ ಗುರುತು ತಾಯಿ ಕೋಶದಿಂದ ಮಗಳು ಕೋಶಕ್ಕೆ ಹೋಗುತ್ತದೆ. ಹೆಣ್ಣಿನ ಎರಡು ಎಕ್ಸ್ ಕ್ರೋಮೋಸೋಮ್‌ಗಳಲ್ಲಿ ಒಂದು ಮುಚ್ಚಿಹೋಗುತ್ತದೆ ಅಂತ ಮೇರಿ ಲಯನ್ 1961ರಲ್ಲಿ ಹೇಳಿದರು. ಭ್ರೂಣದಲ್ಲಿ ಒಮ್ಮೆ ಯಾವುದು ಮುಚ್ಚಿತೋ, ಆ ಕೋಶದ ಸಂತತಿಯಲ್ಲೆಲ್ಲ ಅದೇ ಮುಚ್ಚಿರುತ್ತದೆ. ಕಿತ್ತಳೆ, ಕಪ್ಪು ತೇಪೆಗಳ ಬೆಕ್ಕು ನೋಡಿದ್ದೀರಲ್ಲ, ಆ ತೇಪೆಗಳು ಇದರಿಂದಲೇ.

ಆದರೆ ರೇಷ್ಮೆ ಹುಳುವಿನಲ್ಲಿ ಡಿಎನ್‌ಎ ಮೀಥೈಲ್ ತುಂಬಾ ಕಡಿಮೆ. ಹಣ್ಣಿನ ನೊಣದಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಅವೂ ತಮ್ಮ ಗುರುತು ಉಳಿಸಿಕೊಳ್ಳುತ್ತವೆ. ಹಾಗಾಗಿ ಮೀಥೈಲ್ ಒಂದೇ ಉತ್ತರ ಅಲ್ಲ. ಫ್ಯಾಕ್ಟರ್‌ಗಳು ತಮ್ಮದೇ ಜೀನನ್ನು ತಾವೇ ಎಬ್ಬಿಸುತ್ತಾ ಇರುತ್ತವೆ, ಕೋಶ ಒಡೆದಾಗ ಆ ಪ್ರೋಟೀನ್‌ಗಳು ಎರಡೂ ಕಡೆ ಹಂಚಿಹೋಗುತ್ತವೆ. ಇದೂ ನೆನಪೇ. ನನ್ನ ಮಟ್ಟಿಗೆ ಇದೇ ದೊಡ್ಡದು.

ಈ ನೆನಪನ್ನು ಅಳಿಸಲೂಬಹುದು. 1962ರಲ್ಲಿ ಜಾನ್ ಗರ್ಡನ್ ಗೊದಮೊಟ್ಟೆಯ ಕರುಳಿನ ಕೋಶಕೇಂದ್ರವನ್ನು ಕಪ್ಪೆಯ ಮೊಟ್ಟೆಗೆ ಹಾಕಿ ಬೆಳೆಸಿದರು. ಅಂದರೆ ಕರುಳಿನ ಕೋಶ ಏನನ್ನೂ ಕಳೆದುಕೊಂಡಿರಲಿಲ್ಲ. 2006ರಲ್ಲಿ ಶಿನ್ಯಾ ಯಮನಾಕ ಕೇವಲ 4 ಫ್ಯಾಕ್ಟರ್ ಹಾಕಿ ಇಲಿಯ ಸಾಮಾನ್ಯ ಕೋಶವನ್ನು, ಬೇರೆ ಬೇರೆ ಬಗೆಯ ಕೋಶ ಆಗಬಲ್ಲ ಕಾಂಡಕೋಶ ಮಾಡಿದರು. ಇಬ್ಬರಿಗೂ 2012ರಲ್ಲಿ ನೊಬೆಲ್ ಬಂತು. ಪ್ರಕೃತಿಯಲ್ಲೂ ಇಂಥದ್ದು ನಡೆಯುತ್ತದೆ. ವೀರ್ಯಾಣು ಬಲಿಯುವಾಗ ಹಿಸ್ಟೋನ್‌ಗಳು ಬಹುಪಾಲು ಹೊರಗೆ ಹೋಗಿ ಪ್ರೋಟಮಿನ್ ಎಂಬ ಬೇರೆ ಪ್ರೋಟೀನ್‌ಗಳು ಬರುತ್ತವೆ. ಆ ಬದಲಾವಣೆಯನ್ನು ಹಂತ ಹಂತವಾಗಿ ಬಿಡಿಸಿ ನೋಡಿದವರಲ್ಲಿ ನಮ್ಮವರೇ ಆದ ಎಂ.ಆರ್.ಎಸ್. ರಾವ್ ಇದ್ದಾರೆ. ಮೊದಲು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಆಮೇಲೆ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಕೆಲಸ ಮಾಡಿದರು. ನಮ್ಮ ಮಕ್ಕಳಿಗೆ ಅವರ ಹೆಸರು ಗೊತ್ತಿರಬೇಕು.

ಪಿಯು ಮೇಷ್ಟ್ರು, ಜಯನಗರ

2024ರ ನೊಬೆಲ್ ಬಗ್ಗೆಯೂ ಯಾರಾದರೂ ಬರೆಯಿರಿ. ಮೈಕ್ರೋಆರ್‌ಎನ್‌ಎ ಬಗ್ಗೆ ಮಕ್ಕಳು ಕೇಳುತ್ತಾರೆ, ಪುಸ್ತಕದಲ್ಲಿ ಹೆಚ್ಚು ಇಲ್ಲ.

ಪಿಪೆಟ್, ಯಲಹಂಕ

ಚಿಕ್ಕದಾಗಿ ಹೇಳುತ್ತೇನೆ. ಎಂಆರ್‌ಎನ್‌ಎ ಹುಟ್ಟಿದ ಮೇಲೂ ಅದನ್ನು ತಡೆಯಬಹುದು. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಲಿನ್-4 ಎಂಬ ಪುಟ್ಟ ಆರ್‌ಎನ್‌ಎ ಕಂಡರು. ಅದು ಸುಮಾರು 22 ಅಕ್ಷರ ಅಷ್ಟೇ, ಇಂಥದ್ದನ್ನೇ ಮೈಕ್ರೋಆರ್‌ಎನ್‌ಎ ಅನ್ನುವುದು. ಯಾವ ಪ್ರೋಟೀನನ್ನೂ ಮಾಡುವುದಿಲ್ಲ. ಲಿನ್-14 ಎಂಬ ಜೀನ್‌ನ ಎಂಆರ್‌ಎನ್‌ಎಗೆ ಅಂಟಿ ಪ್ರೋಟೀನ್ ಆಗದಂತೆ ತಡೆಯುತ್ತದೆ. ಇದು ಆ ಹುಳುವಿನಲ್ಲಿ ಮಾತ್ರ ಇರುವ ವಿಚಿತ್ರ ಅಂತ ಎಷ್ಟೋ ಜನ ಅಂದುಕೊಂಡರು. 2000ದಲ್ಲಿ ಲೆಟ್-7 ಎಂಬ ಇನ್ನೊಂದು ಸಿಕ್ಕಿತು, ಅದು ಮನುಷ್ಯನಲ್ಲೂ ಇದೆ. ಆಮೇಲೆ ಎಲ್ಲರೂ ಹುಡುಕತೊಡಗಿದರು.

ಚಾಕಿಮನೆಯವರಿಗೆ ಇಷ್ಟವಾಗುವ ಇನ್ನೊಂದು ಬಗೆಯ ಪುಟ್ಟ ಆರ್‌ಎನ್‌ಎ ಇದೆ. ರೇಷ್ಮೆ ಹುಳುವಿನಲ್ಲಿ ಲಿಂಗ ಕ್ರೋಮೋಸೋಮ್‌ಗಳು ಗಂಡಿಗೆ ಝಡ್ ಝಡ್, ಹೆಣ್ಣಿಗೆ ಝಡ್ ಡಬ್ಲ್ಯೂ. ಡಬ್ಲ್ಯೂನಲ್ಲಿ ಹೆಣ್ಣಾಗಿಸುವ ಪ್ರೋಟೀನ್ ಜೀನ್ ಯಾವುದು ಅಂತ ಜಪಾನಿನವರು ಬಹಳ ಕಾಲ ಹುಡುಕಿದರು. 2014ರಲ್ಲಿ ಉತ್ತರ ಸಿಕ್ಕಿತು. ಪ್ರೋಟೀನ್ ಅಲ್ಲ, ಡಬ್ಲ್ಯೂನಿಂದ ಬರುವ ಒಂದು ಪುಟ್ಟ ಪಿವಿ ಆರ್‌ಎನ್‌ಎ. ಅದು ಗಂಡಾಗಿಸುವ ಜೀನ್‌ನ ಎಂಆರ್‌ಎನ್‌ಎಯನ್ನು ಕತ್ತರಿಸುತ್ತದೆ. ಕತ್ತರಿಸಿದರೆ ಹೆಣ್ಣು, ಬಿಟ್ಟರೆ ಗಂಡು.

ಮೊಸರನ್ನ, ವಿಜಯನಗರ

ಲ್ಯಾಕ್ಟೋಸ್ ಮಾತು ಬಂತಲ್ಲ, ಒಂದು ಕೇಳುತ್ತೇನೆ. ನಮ್ಮ ಮನೆಯಲ್ಲಿ ನನಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರ, ತಮ್ಮನಿಗೆ ಏನೂ ಆಗಲ್ಲ. ಚಿಕ್ಕವನಿದ್ದಾಗ ನನಗೂ ಏನೂ ಆಗುತ್ತಿರಲಿಲ್ಲ. ಇದೂ ಜೀನ್ ಆಫ್ ಆಗಿದ್ದಾ?

ನಿವೃತ್ತ ಪ್ರಾಧ್ಯಾಪಕಿ, ಮಲ್ಲೇಶ್ವರ

ಬಹುಶಃ ಹೌದು. ಆದರೆ ಹೊಟ್ಟೆ ಉಬ್ಬರಕ್ಕೆ ಬೇರೆ ಕಾರಣಗಳೂ ಇರುತ್ತವೆ, ತೊಂದರೆ ಜಾಸ್ತಿ ಇದ್ದರೆ ವೈದ್ಯರನ್ನು ಕೇಳಿ. ಹಾಲಿನ ಸಕ್ಕರೆ ಒಡೆಯುವ ಲ್ಯಾಕ್ಟೇಸ್ ಜೀನ್ ಮಗುವಿನ ಕರುಳಲ್ಲಿ ಜೋರಾಗಿ ಕೆಲಸ ಮಾಡುತ್ತದೆ, ಬೆಳೆದಂತೆ ಇಳಿಯುತ್ತದೆ. ಪ್ರಪಂಚದ ಬಹುಪಾಲು ದೊಡ್ಡವರಲ್ಲಿ ಹೀಗೇ. ಇದು ರೋಗ ಅಲ್ಲ. ಕೆಲವರಲ್ಲಿ ಮಾತ್ರ ಇಳಿಯುವುದಿಲ್ಲ. ಕಾರಣ ಲ್ಯಾಕ್ಟೇಸ್ ಜೀನ್‌ನ ಒಳಗೆ ಇಲ್ಲ. ಸುಮಾರು 14,000 ಅಕ್ಷರ ಹಿಂದೆ, ಪಕ್ಕದ ಇನ್ನೊಂದು ಜೀನ್‌ನೊಳಗೆ ಒಂದು ಎನ್‌ಹಾನ್ಸರ್, ಅಂದರೆ ಜೀನ್ ಓದುವುದನ್ನು ಹೆಚ್ಚಿಸುವ ಡಿಎನ್‌ಎ ತುಣುಕು ಇದೆ. ಅಲ್ಲಿ ಒಂದು ಸಿ ಅಕ್ಷರ ಟಿ ಆಗಿದ್ದರೆ ಜೀನ್ ದೊಡ್ಡವರಾದ ಮೇಲೂ ಎಚ್ಚರವಾಗಿರುತ್ತದೆ. ಇದನ್ನು 2002ರಲ್ಲಿ ಫಿನ್ಲೆಂಡಿನವರು ಕಂಡುಹಿಡಿದರು. ನಮ್ಮ ದೇಶದಲ್ಲೂ ಅದೇ ಟಿ ಇದೆ, ವಾಯವ್ಯದಲ್ಲಿ ಜಾಸ್ತಿ, ದಕ್ಷಿಣಕ್ಕೆ ಬಂದಂತೆ ಕಡಿಮೆ. ನಿಮ್ಮ ತಮ್ಮನಿಗೆ ಅದು ಬಂದಿರಬಹುದು, ನಿಮಗೆ ಬಂದಿಲ್ಲದಿರಬಹುದು. ಮೊಸರಿನಲ್ಲಿ ಲ್ಯಾಕ್ಟೋಸ್ ಒಂದಷ್ಟು ಬ್ಯಾಕ್ಟೀರಿಯಾಗಳೇ ತಿಂದಿರುತ್ತವೆ. ನಿಮ್ಮ ಹೆಸರಿಗೆ ತೊಂದರೆ ಇಲ್ಲ.

ಸಾವಯವ ಸಂತೆ, ಬಸವನಗುಡಿ

ನಮ್ಮ ಗುಂಪಿನಲ್ಲಿ ಒಂದು ಫಾರ್ವರ್ಡ್ ಬಂದಿದೆ. ಪುನರ್ಪುಳಿ ಮತ್ತು ಅರಿಶಿನ ನಿಮ್ಮ ಜೀನ್‌ಗಳನ್ನು ಬದಲಿಸುತ್ತವೆ, ಕ್ಯಾನ್ಸರ್ ಜೀನ್ ಆಫ್ ಮಾಡುತ್ತವೆ, ಬೆಂಗಳೂರಿನ ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ ಅಂತ. ನಿಜವಾ? ನಂಬುವವರು ಬಹಳ ಜನ ಇದ್ದಾರೆ.

ಪಿಪೆಟ್, ಯಲಹಂಕ

ಇದನ್ನು ಕೇಳಿದ್ದಕ್ಕೆ ಧನ್ಯವಾದ. ಒಂದು ಒಳ್ಳೆಯ ಕೆಲಸವನ್ನು ಹೀಗೆ ತಿರುಚುವುದು ನೋಡಿದರೆ ನನಗೆ ನಿಜವಾಗಿ ನೋವಾಗುತ್ತದೆ.

ಕೆಲಸ ನಿಜ. ಜಕ್ಕೂರಿನ ನೆಹರೂ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ 2004ರಲ್ಲಿ ಎರಡು ವಿಷಯ ತೋರಿಸಿತು. ಪುನರ್ಪುಳಿ ಸಿಪ್ಪೆಯ ಗಾರ್ಸಿನಾಲ್, ಹಿಸ್ಟೋನ್‌ಗೆ ಅಸಿಟೈಲ್ ಅಂಟಿಸುವ ಪಿ300 ಮತ್ತು ಪಿಕ್ಯಾಫ್ ಎಂಬ ಕಿಣ್ವಗಳನ್ನು ತಡೆಯುತ್ತದೆ. ಅರಿಶಿನದ ಕುರ್ಕುಮಿನ್ ಪಿ300ಅನ್ನು ತಡೆಯುತ್ತದೆ. ಅಂಥ ಕಿಣ್ವ ಏನು ಮಾಡುತ್ತದೆ ಅಂತ ತಿಳಿಯಲು ಅದನ್ನು ತಡೆಯುವ ವಸ್ತು ಕೈಯಲ್ಲಿರಬೇಕು. ಅದಕ್ಕೇ ಈ ಕೆಲಸಕ್ಕೆ ಬೆಲೆ.

ಆದರೆ ಪ್ರಯೋಗ ನಡೆದದ್ದು ಶುದ್ಧ ವಸ್ತುವಿನಿಂದ, ಕೊಳವೆಯಲ್ಲಿ ಮತ್ತು ಪ್ಲೇಟಿನ ಮೇಲೆ ಬೆಳೆದ ಕೋಶಗಳಲ್ಲಿ. ಊಟದಲ್ಲಿ ತಿಂದ ಕುರ್ಕುಮಿನ್ ರಕ್ತಕ್ಕೆ ಸೇರುವುದು ತುಂಬಾ ಕಡಿಮೆ. ಸೇರಿದರೂ ಬೇಗ ಹೊರಗೆ ಹೋಗುತ್ತದೆ. ಮೇಲಾಗಿ ಪಿ300 ನಮ್ಮ ಮೈಯಲ್ಲಿ ಸಾವಿರಾರು ಜಾಗದಲ್ಲಿ ಕೆಲಸ ಮಾಡುತ್ತದೆ. ಅದು ಕ್ಯಾನ್ಸರ್ ಜೀನನ್ನು ಮಾತ್ರ ಆರಿಸಿ ಮುಚ್ಚಲು ಬರುವ ಗುಂಡಿ ಅಲ್ಲ. ಇನ್ನೊಂದು ತಪ್ಪು ಆ ಫಾರ್ವರ್ಡಿನಲ್ಲೇ ಇದೆ. ಅಸಿಟೈಲ್ ಹೋದರೂ ಬಂದರೂ ಜೀನ್ ಬದಲಾಗುವುದಿಲ್ಲ, ಓದುವುದು ಬದಲಾಗುತ್ತದೆ.

ಆಹಾರಕ್ಕೂ ಜೀನ್ ನಿಯಂತ್ರಣಕ್ಕೂ ಸಂಬಂಧವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 1944–45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಘೋರ ಹಸಿವು ಬಂತು. ಆಗ ಗರ್ಭದಲ್ಲಿ ರೂಪುಗೊಂಡವರನ್ನು ಸುಮಾರು 60 ವರ್ಷದ ನಂತರ ಪರೀಕ್ಷಿಸಿದರು. ಐಜಿಎಫ್2 ಎಂಬ ಜೀನ್ ಬಳಿ ಅವರ ಮೀಥೈಲ್ ಗುರುತು ಅವರ ಒಡಹುಟ್ಟಿದವರಿಗಿಂತ ಸ್ವಲ್ಪ ಕಡಿಮೆ ಇತ್ತು. ವ್ಯತ್ಯಾಸ ಸಣ್ಣದು, ಕಾರಣವಾದ ಹಸಿವು ಭೀಕರ. ಪುನರ್ಪುಳಿ ಶರಬತ್ತನ್ನು ಖುಷಿಯಿಂದ ಕುಡಿಯಿರಿ. ಅದನ್ನು ನಂಬಿ ಯಾರೂ ಕ್ಯಾನ್ಸರ್ ಚಿಕಿತ್ಸೆ ಬಿಡಬಾರದು. ಇದನ್ನು ದಯವಿಟ್ಟು ನಿಮ್ಮ ಗುಂಪಿನಲ್ಲಿ ಹಾಕಿ.

ಸೋದರಮಾವ, ಪೀಣ್ಯ

ನಾನು ವಿಜ್ಞಾನ ಓದಿದವನಲ್ಲ. ತಂಗಿಯ ಮಗಳಿಗೆ ಥಲಸ್ಸೀಮಿಯಾ ಇದೆ, ಅಂದರೆ ಹಿಮೋಗ್ಲೋಬಿನ್ ಸರಿಯಾಗಿ ಆಗದ ರಕ್ತದ ಕಾಯಿಲೆ. ಕೆಲವು ವಾರಕ್ಕೊಮ್ಮೆ ರಕ್ತ ಹಾಕಿಸುತ್ತೇವೆ. ಮಗುವಾಗಿದ್ದಾಗ ಮೊದಲ ತಿಂಗಳುಗಳಲ್ಲಿ ಚೆನ್ನಾಗಿಯೇ ಇದ್ದಳು. ಹೊಸ ಚಿಕಿತ್ಸೆಯಲ್ಲಿ ಜೀನ್ ಆಫ್ ಮಾಡುತ್ತಾರೆ ಅಂತ ಕೇಳಿದೆ. ಕೆಟ್ಟ ಜೀನನ್ನು ಆಫ್ ಮಾಡುತ್ತಾರಾ? ಸುಲಭವಾಗಿ ಹೇಳಿ.

ನಿವೃತ್ತ ಪ್ರಾಧ್ಯಾಪಕಿ, ಮಲ್ಲೇಶ್ವರ

ಅವಳು ಮೊದಲ ತಿಂಗಳುಗಳಲ್ಲಿ ಚೆನ್ನಾಗಿದ್ದಳು ಅಂದಿರಲ್ಲ, ಉತ್ತರ ಅಲ್ಲಿದೆ. ಗರ್ಭದಲ್ಲಿರುವ ಮಗು ಬೇರೆ ಬಗೆಯ ಹಿಮೋಗ್ಲೋಬಿನ್ ಬಳಸುತ್ತದೆ. ಅದರಲ್ಲಿ ಬೀಟಾ ಎಂಬ ಪ್ರೋಟೀನ್ ಸರಪಳಿ ಇರುವುದಿಲ್ಲ, ಗಾಮಾ ಇರುತ್ತದೆ. ಹುಟ್ಟಿದ ಮೇಲೆ ಗಾಮಾ ಜೀನ್ ನಿಧಾನವಾಗಿ ಸುಮ್ಮನಾಗಿ ಬೀಟಾ ಮುಂದೆ ಬರುತ್ತದೆ. ಇವಳಿಗೆ ಬೀಟಾ ಜೀನ್‌ನಲ್ಲಿ ದೋಷ. ಹಾಗಾಗಿ ಗಾಮಾ ಇಳಿದ ಮೇಲೆಯೇ ತೊಂದರೆ ಕಾಣಿಸಿತು. ಗಾಮಾ ಜೀನ್ ಅವಳಲ್ಲಿ ಈಗಲೂ ಇದೆ, ಚೆನ್ನಾಗಿಯೇ ಇದೆ.

ಅದನ್ನು ತಡೆದಿಟ್ಟಿರುವುದು ಬಿಸಿಎಲ್11ಎ ಎಂಬ ಫ್ಯಾಕ್ಟರ್. 2008ರಲ್ಲಿ ಹಾರ್ವರ್ಡ್‌ನ ಸ್ಟುವರ್ಟ್ ಆರ್ಕಿನ್ ಅವರ ತಂಡ ಇದನ್ನು ತೋರಿಸಿತು. ಹೊಸ ಚಿಕಿತ್ಸೆ ಈ ತಡೆಯನ್ನು ತೆಗೆಯುತ್ತದೆ. ಅಂದರೆ ದೋಷ ಇರುವ ಬೀಟಾ ಜೀನನ್ನು ಮುಟ್ಟುವುದಿಲ್ಲ, ಮಲಗಿರುವ ಒಳ್ಳೆಯ ಗಾಮಾ ಜೀನನ್ನು ಎಬ್ಬಿಸುತ್ತದೆ. ಕ್ಯಾಸ್ಜೆವಿ ಎಂಬ ಈ ಚಿಕಿತ್ಸೆಗೆ 2023ರ ನವೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ಮೊದಲು ಒಪ್ಪಿಗೆ ಸಿಕ್ಕಿತು, 12 ವರ್ಷ ದಾಟಿದವರಿಗೆ.

ಸೋದರಮಾವ, ಪೀಣ್ಯ

ತುಂಬಾ ಉಪಕಾರ. ಆ ತಡೆಯುವ ಪ್ರೋಟೀನ್ ತೆಗೆದರೆ ಮೈಯಲ್ಲಿ ಬೇರೆ ಕಡೆ ತೊಂದರೆ ಆಗಲ್ವಾ? ಮತ್ತೆ ಇದನ್ನು ನಾವು ಮಾಡಿಸಬಹುದಾ?

ಪಿಪೆಟ್, ಯಲಹಂಕ

ಬಹಳ ಸರಿಯಾದ ಪ್ರಶ್ನೆ. ಬಿಸಿಎಲ್11ಎ ಮೆದುಳಿಗೂ ಬೇಕು, ರೋಗನಿರೋಧಕ ಬಿ ಕೋಶಗಳಿಗೂ ಬೇಕು. ಪೂರ್ತಿ ತೆಗೆದರೆ ತೊಂದರೆ. ಅದಕ್ಕೇ ಅವರು ಆ ಜೀನ್‌ನ ಪ್ರೋಟೀನ್ ಬರೆದ ಭಾಗವನ್ನು ಮುಟ್ಟುವುದಿಲ್ಲ. ಅದರೊಳಗೆ ಒಂದು ಎನ್‌ಹಾನ್ಸರ್ ಇದೆ. ಆ ಎನ್‌ಹಾನ್ಸರ್ ಕೆಲಸ ಮಾಡುವುದು ಕೆಂಪು ರಕ್ತಕಣ ಆಗಲಿರುವ ಕೋಶಗಳಲ್ಲಿ ಮಾತ್ರ. ಅಲ್ಲಿ ಗಾಟಾ1 ಎಂಬ ಫ್ಯಾಕ್ಟರ್ ಕೂರುವ ಜಾಗವನ್ನು ಕ್ರಿಸ್ಪರ್ ಎಂಬ ಡಿಎನ್‌ಎ ಕತ್ತರಿಯಿಂದ ಕತ್ತರಿಸುತ್ತಾರೆ. ಅದರಿಂದ ಕೆಂಪು ರಕ್ತಕಣದ ಸಾಲಿನಲ್ಲಿ ಮಾತ್ರ ಬಿಸಿಎಲ್11ಎ ಇಳಿಯುತ್ತದೆ. ಬಿ ಕೋಶಗಳು ಬೇರೆ ಎನ್‌ಹಾನ್ಸರ್ ಬಳಸುವುದರಿಂದ ಅವುಗಳಲ್ಲಿ ಹಾಗೇ ಇರುತ್ತದೆ. ಮೆದುಳಿನ ಕೋಶಗಳಿಗೆ ಕತ್ತರಿ ತಲುಪುವುದೇ ಇಲ್ಲ, ಏಕೆಂದರೆ ಕಾಂಡಕೋಶಗಳನ್ನು ಹೊರಗೆ ತೆಗೆದು, ಬದಲಿಸಿ, ಮತ್ತೆ ಒಳಗೆ ಹಾಕುತ್ತಾರೆ.

ಮಾಡಿಸುವ ಮಾತು ಕಷ್ಟದ್ದು, ನೇರವಾಗಿ ಹೇಳುತ್ತೇನೆ. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ಮೊದಲು ಹಳೆಯ ಮಜ್ಜೆಯನ್ನು ಬುಸಲ್ಫಾನ್ ಎಂಬ ಕಟು ಔಷಧದಿಂದ ಖಾಲಿ ಮಾಡಬೇಕು, ಅದರಿಂದ ಮುಂದೆ ಮಕ್ಕಳಾಗುವುದಕ್ಕೆ ತೊಂದರೆ ಆಗಬಹುದು. ಈಗ ನಿಮ್ಮ ವೈದ್ಯರ ಹತ್ತಿರ ಎರಡು ವಿಷಯ ಕೇಳಿ. ಒಡಹುಟ್ಟಿದವರ ಎಚ್‌ಎಲ್‌ಎ, ಅಂದರೆ ಕಸಿಗೆ ನೋಡುವ ಕೋಶದ ಗುರುತು ಹೊಂದುತ್ತದೆಯಾ, ಹೊಂದಿದರೆ ಮಜ್ಜೆ ಕಸಿ ಬೆಂಗಳೂರಿನಲ್ಲೇ ಆಗುತ್ತದೆ. ಹೈಡ್ರಾಕ್ಸಿಯೂರಿಯಾ ಮಾತ್ರೆ ಕೆಲವು ರೋಗಿಗಳಲ್ಲಿ ಗಾಮಾವನ್ನು ಸ್ವಲ್ಪ ಏರಿಸುತ್ತದೆ, ಇವಳಿಗೆ ಪ್ರಯತ್ನಿಸಬಹುದಾ ಅಂತಲೂ ಕೇಳಿ. ನೀವಾಗಿ ಕೊಡಬೇಡಿ, ಅದಕ್ಕೆ ರಕ್ತಪರೀಕ್ಷೆ ನೋಡುತ್ತಾ ಇರಬೇಕು. ನಿಮ್ಮ ಮನೆಯಲ್ಲಿ ಮುಂದೆ ಮದುವೆ ಆಗುವವರೆಲ್ಲ ಎಚ್‌ಬಿಎ2 ಎಂಬ ಬಗೆಯ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಲಿ. ಅದು 3.5%ಗಿಂತ ಮೇಲಿದ್ದರೆ ಅವರು ವಾಹಕರಾಗಿರುವ, ಅಂದರೆ ಕಾಯಿಲೆ ಇಲ್ಲದೆ ದೋಷದ ಜೀನ್ ಹೊತ್ತಿರುವ ಸಾಧ್ಯತೆ ಹೆಚ್ಚು, ಜೊತೆಗಾರರಿಗೂ ಆಗ ಪರೀಕ್ಷೆ ಆಗಲೇಬೇಕು.